ಮಸಿಕುಡಿಕೆಗೆ ಒಂದು ಚಿಟಿಕೆ

ಮಸಿ ಮತ್ತೆ ಒಡೆದಿತ್ತು.

ಮುಚ್ಚಳ ತೆಗೆದ ದಿವ್ಯಾ ಹಾಗೇ ನಿಂತುಬಿಟ್ಟಳು. ನಿನ್ನೆ ಸಂಜೆ ನುಣ್ಣಗೆ, ಕಪ್ಪಗೆ, ಕಡ್ಡಿ ಅದ್ದಿದರೆ ಕಡ್ಡಿಯನ್ನೇ ಹಿಡಿದುಕೊಳ್ಳುತ್ತಿದ್ದ ಮಸಿ ಈಗ ಕೆಟ್ಟ ಹಾಲಿನ ಹಾಗೆ ಎರಡಾಗಿ ಕೂತಿತ್ತು. ತಳದಲ್ಲಿ ಕಂದು ಬಣ್ಣದ ಗಸಿ, ಮೇಲೆ ಪಾತ್ರೆ ತೊಳೆದ ನೀರಿನಂಥದ್ದೇನೋ. ಆಸೆ ಬಿಡದೆ ಕದಡಿದಳು. ಬಿದಿರಿನ ಲೆಕ್ಕಣಿಕೆ ಅದ್ದಿ ಹಳೇ ಕಾಗದದ ಮೇಲೆ ಒಂದು 'ಮ' ಬರೆದಳು. ಗೆರೆ ಅರ್ಧಕ್ಕೇ ಸೋತು, ಉಳಿದರ್ಧ ಮಣ್ಣುನೀರಿನ ಕಲೆಯಾಯಿತು.

"ಇದರ ಮನೆ ಹಾಳಾಗ!" ಅಂದಳು ಗಟ್ಟಿಯಾಗಿ.

ಶ್ರೀರಾಂಪುರದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸುವ ಮೇಡಮ್ಮಿನ ಬಾಯಲ್ಲಿ ಬರುವ ಮಾತಲ್ಲ ಅದು. ಆದರೆ ನೀವೇ ಹೇಳಿ, ಅಳಲೆಕಾಯಿ ಜಜ್ಜಿ, ನೆನೆಹಾಕಿ, ಕುದಿಸಿ, ಪಂಚೆಯಲ್ಲಿ ಸೋಸಿ, ಅನ್ನಭೇದಿ ಅನ್ನುವ ಕಬ್ಬಿಣದ ಉಪ್ಪು ಹಾಕಿ, ಜಾಲಿಮರದ ಅಂಟು ಕರಗಿಸಿ ಬೆರೆಸಿ, ದಿನಗಟ್ಟಲೆ ಮಾಗಲು ಬಿಟ್ಟು ನಿನ್ನೆಯಷ್ಟೇ ಕುಡಿಕೆಗೆ ತುಂಬಿದ ಮಸಿ ಬೆಳಗಾಗುವಷ್ಟರಲ್ಲಿ ಕೈ ಕೊಟ್ಟರೆ ಯಾರು ತಾನೇ ಸುಮ್ಮನಿರುತ್ತಾರೆ? ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆ ದೊಣ್ಣೆ ಯಾರ ಕೈಯಲ್ಲಿದೆ ಅನ್ನುವುದೇ ಅವಳಿಗೆ ತಿಳಿಯುತ್ತಿರಲಿಲ್ಲ. ಮೊದಲ ಸಲವೂ ಹೀಗೇ ಆಗಿತ್ತು.

"ಏನಾತವ್ವ?" ಅಡುಗೆಮನೆಯಿಂದ ಅತ್ತೆ ಮರುಳಸಿದ್ದಮ್ಮ ಕೂಗಿದಳು.

"ಮಸಿ ಒಡೀತು ಅತ್ತೆ, ಮತ್ತೆ."

"ಅಯ್ಯೋ ಶಿವನೇ! ಯಾರ್ದೋ ಕಣ್ಣು ಬಿದ್ದೈತೆ ಬಿಡು. ನೀನು ಚಿಂತೆ ಮಾಡಬ್ಯಾಡ. ಅದಕ್ಕೇನು ಮಾಡ್ಬೇಕೋ ನಾನು ಮಾಡ್ತೀನಿ."

ದಿವ್ಯಾ ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಕಿಕೊಂಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಅವಳ ಚಡಪಡಿಕೆಗೆ ಕಾರಣವಿತ್ತು. ಊರಿನ ಮಠದಲ್ಲಿ ಹಿರಿಯ ಗುರುಗಳ ಸ್ಮರಣೆಯ ದಿನ ಪ್ರತಿ ವರ್ಷ ಒಬ್ಬರಿಗೆ ಬಿನ್ನವತ್ತಳೆ ಕೊಟ್ಟು ಗೌರವಿಸುತ್ತಾರೆ. ಅದನ್ನು ಕೈಬರಹದಲ್ಲೇ ಬರೆಯುವುದು ವಾಡಿಕೆ. ತಲೆಗೂದಲು ಕಪ್ಪಗಿದ್ದಾಗಿನಿಂದ ಬರೆಯುತ್ತಿದ್ದವರು ದಿವ್ಯಾಳ ಮಾವ ಪಂಚಾಕ್ಷರಪ್ಪ ಮೇಷ್ಟ್ರು. ಮಗ ಮುರುಗೇಶನಿಗೆ ಅಕ್ಷರ ಅಂದರೆ ಅಲರ್ಜಿ. ಅವನದು ಹಿರಿಯೂರು ಮಾರ್ಕೆಟ್ಟಿಗೆ ತೆಂಗಿನಕಾಯಿ ಹೊಡೆಯುವ ಟೆಂಪೋ. ಸೊಸೆ ಬಂದ ಹೊಸದರಲ್ಲಿ ಅವಳು ಹಾಕಿದ ರಂಗೋಲಿ ನೋಡಿದ್ದೇ ಮೇಷ್ಟ್ರು ಲೆಕ್ಕಣಿಕೆ ಕೈಗಿತ್ತು ಕೂರಿಸಿದರು. ಅವರು ತೀರಿಕೊಂಡ ಮೇಲೆ ಆ ಕೆಲಸ ದಿವ್ಯಾಳಿಗೆ ಬಂತು. ಬಂದ ಮೊದಲ ವರ್ಷವೇ ಮಾನ ಹೋಯಿತು.

ಮಾವ ಇದ್ದಾಗ ಬಿನ್ನವತ್ತಳೆಗೆ ಗಾಜಿನ ಕಟ್ಟು ಹಾಕಿಸಿ ಕೊಡುತ್ತಿದ್ದರು. ಹೋದ ವರ್ಷ ಕಟ್ಟು ಹಾಕುವವನು ಹೊತ್ತಿಗೆ ಸರಿಯಾಗಿ ಬರಲಿಲ್ಲ. ಬರೀ ಕಾಗದವನ್ನೇ ತಟ್ಟೆಯಲ್ಲಿಟ್ಟು ತಂದರು. ಯಾರೋ ಉತ್ಸಾಹದಲ್ಲಿ ಪನ್ನೀರು ಎರಚಿದರು. ದಿವ್ಯಾ ಬರೆದಿದ್ದದ್ದು ಅಂಗಡಿಯ ಬಾಟಲಿ ಮಸಿಯಲ್ಲಿ. ಸನ್ಮಾನಿತರ ಹೆಸರಿಗೆ ಎಲ್ಲರೂ ನೋಡನೋಡುತ್ತಿದ್ದಂತೆ ಗಡ್ಡ ಬಂತು. ಹಿಂದಿನ ಸಾಲಿನಲ್ಲಿ ಯಾರೋ, "ಮೇಷ್ಟ್ರ ಕೈ ಮೇಷ್ಟ್ರ ಜತೆಗೇ ಹೋತು" ಅಂದದ್ದು ಅವಳ ಕಿವಿಗೇ ಬಿತ್ತು. ಆ ಮಾತು ಇವತ್ತಿಗೂ ಅವಳಿಗೆ ಅನ್ನ ಕಲಸುವಾಗ ನೆನಪಾಗುತ್ತದೆ.

ಆದ್ದರಿಂದಲೇ ಈ ಸಲ ಅಳಲೆಕಾಯಿ, ಅನ್ನಭೇದಿಯ ಮಸಿ. ಒಣಗಿದ ಮೇಲೆ ಕೊಡದಲ್ಲಿ ನೀರು ಸುರಿದರೂ ಇಳಿಯದ ಮಸಿ. ಇನ್ನೊಂದು ಕಾರಣವೂ ಇತ್ತು, ಅದು ದೊಡ್ಡದು. ಈ ವರ್ಷದ ಬಿನ್ನವತ್ತಳೆ ಮರುಳಸಿದ್ದಮ್ಮನಿಗೇ. ಹೆರಿಗೆ, ಬಾಣಂತನ, ಗಂಡನ ಸಾವು ಬಿಟ್ಟರೆ ಒಂದು ದಿನವೂ ತಪ್ಪದೆ ಮಠದ ದಾಸೋಹದಲ್ಲಿ ಮುದ್ದೆ ಕಟ್ಟಿದ ಹೆಂಗಸು. ಸಮಿತಿಯ ಕಾರ್ಯದರ್ಶಿ ಚೇತನ್‌ಕುಮಾರ್, "ಅಜ್ಜಿಗೆ ಮೊದಲೇ ಹೇಳಬ್ಯಾಡ್ರಿ ಮೇಡಂ, ವೇದಿಕೆಗೆ ಬಂದಾಗ್ಲೇ ಗೊತ್ತಾಗ್ಲಿ" ಅಂದಿದ್ದ. ದಿವ್ಯಾಳಿಗೂ ಆ ಹೊತ್ತಿನಲ್ಲಿ ಅತ್ತೆಯ ಮುಖ ನೋಡುವ ಆಸೆ. ಹೇಳದಿರುವುದು ಕಷ್ಟವೇನಾಗಿರಲಿಲ್ಲ, ಬರೆದದ್ದನ್ನು ಎದುರಿಗಿಟ್ಟರೂ ಮುದುಕಿಗೆ ಓದಲು ಬರುತ್ತಿರಲಿಲ್ಲ. ಮೇಷ್ಟ್ರ ಹೆಂಡತಿಗೆ ಅಕ್ಷರ ಬಾರದು. ದೀಪದ ಕೆಳಗೆ ಕತ್ತಲೆ ಅನ್ನುತ್ತಾರಲ್ಲ, ಹಾಗೆ.

ಇಂಥ ಅತ್ತೆಯ ಹೆಸರಿಗೂ ಗಡ್ಡ ಬಂದುಬಿಟ್ಟರೆ? ಆ ಯೋಚನೆ ಬಂದರೆ ದಿವ್ಯಾಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

ಆ ಶನಿವಾರ ಬೆಳಗಿನ ಸ್ಕೂಲು ಮುಗಿಸಿ ನೇರ ಹೊಸದುರ್ಗದ ಬಸ್ಸು ಹತ್ತಿದಳು. ಗ್ರಂಧಿಗೆ ಅಂಗಡಿಯ ಚಿಕ್ಕತಿಮ್ಮಪ್ಪನ ಮುಂದೆ ಅನ್ನಭೇದಿಯ ಪೊಟ್ಟಣ ಬಡಿದಳು. "ಏನ್ರಿ ಇದು, ಕಲಬೆರಕೆ ಮಾಲು?"

"ನಮ್ಮಪ್ಪನ ಕಾಲದಿಂದ ಮಾರ್ತಾ ಇದೀವಿ ಮೇಡಂ, ಯಾರೂ ಹಿಂಗಂದಿಲ್ಲ," ಅಂದ ಅವನು, ತಕ್ಕಡಿಯಿಂದ ಕಣ್ಣೆತ್ತದೆ. "ಕುಣಿಯಾಕೆ ಬಾರದೋಳು ನೆಲ ಡೊಂಕು ಅಂದ್ಲಂತೆ."

"ನಿಮ್ಮ ನೆಲಾನೇ ಡೊಂಕು!" ಅಂದಳು ದಿವ್ಯಾ. ಆದರೂ ಬೇರೆ ಡಬ್ಬಿಯದ್ದನ್ನು ಕಟ್ಟಿಸಿಕೊಂಡಳು. ಬೇರೆ ಅಂಗಡಿ ಎಲ್ಲಿತ್ತು?

ವಾಪಸ್ಸು ಬರುವಾಗ ಬಸ್ ಸ್ಟ್ಯಾಂಡಿನಲ್ಲೇ ಓಬಣ್ಣ ಸಿಕ್ಕಿದ. ಮಾಡದಕೆರೆ ಕಡೆ ಕುರಿ ಮೇಯಿಸುವವನು; ಜಾಲಿ ಅಂಟನ್ನು ಆಯ್ದು ತಂದುಕೊಡುತ್ತಿದ್ದವನು ಅವನೇ. ಅವನನ್ನೂ ಬಿಡಲಿಲ್ಲ.

"ಓಬಣ್ಣ, ಅಂಟಿನ ಜತೆ ಏನಾದ್ರೂ ಬೆರಸಿದ್ಯಾ? ನಿಜ ಹೇಳು."

ಓಬಣ್ಣ ಕಂಬಳಿ ಹೆಗಲು ಬದಲಿಸಿ ನಕ್ಕ. "ಅದೇ ಅಂಟನ್ನ ನನ್ನ ಮೊಮ್ಮಗಳು ಪುಸ್ತಕಕ್ಕೆ ಹಚ್ತಾಳೆ ಕಣವ್ವ. ಪುಸ್ತಕ ಹರೀತದೆ, ಅಂಟು ಬಿಡಾಕಿಲ್ಲ. ಅಂಟಿನ ಮ್ಯಾಲೆ ಯಾಕೆ ಸಿಟ್ಟು? ನೀರು ನೋಡು, ನೀರು."

ನೀರು! ಅದು ಅವಳಿಗೆ ಹೊಳೆದೇ ಇರಲಿಲ್ಲ. ಮನೆಯ ಬೋರಿನ ನೀರು ಉಪ್ಪು. ಬೇಳೆಯೇ ಬೇಯುವುದಿಲ್ಲ, ಮಸಿ ಎಲ್ಲಿ ನಿಂತೀತು? ಊರಿಗೆ ಬಂದವಳೇ ಶುದ್ಧ ನೀರಿನ ಘಟಕದ ಮುಂದೆ ಕ್ಯಾನು ಹಿಡಿದು ನಿಂತಳು. ಮನೆಗೆ ಬಂದರೆ ಅತ್ತೆ ಆಗಲೇ ಮಗನಿಗೆ ಹೇಳಿ ಹಾಲುರಾಮೇಶ್ವರದಿಂದ ಒಂದು ಕೊಡ ನೀರು ತರಿಸಿದ್ದಳು. "ದೇವರ ನೀರು ಕಣವ್ವ. ಇದ್ರಾಗೆ ಮಾಡು, ಹೆಂಗೆ ಒಡೀತದೋ ನೋಡಾಣ."

ಮುರುಗೇಶ ಬಾಗಿಲಲ್ಲೇ ಚಪ್ಪಲಿ ಬಿಡುತ್ತ, "ನಾಳೆ ಹೊಳಲ್ಕೆರೆಯಿಂದ ಗಾಳೀನೂ ತಂದ್ಕೊಡ್ಲಾ?" ಅಂದ. ಹೆಂಡತಿ ನೋಡಿದ ನೋಟಕ್ಕೆ ಮತ್ತೆ ಚಪ್ಪಲಿ ಮೆಟ್ಟಿ ಹೊರಗೆ ನಡೆದ.

ಭಾನುವಾರ ದಿವ್ಯಾ ಘಟಕದ ನೀರಿನಲ್ಲಿ ಅಳಲೆಕಾಯಿ ಕುದಿಸಿದಳು, ಅತ್ತೆಯ ಸಮಾಧಾನಕ್ಕೆ ದೇವರ ನೀರನ್ನೂ ಒಂದು ಲೋಟ ಹುಯ್ದಳು. ಅನ್ನಭೇದಿ ಬಿದ್ದದ್ದೇ ತಡ, ಚಹಾದ ಬಣ್ಣದ ಕಷಾಯ ಒಮ್ಮೆಗೇ ಕಪ್ಪಾಯಿತು. ಪ್ರತಿ ಸಲವೂ ಆ ಗಳಿಗೆಗೆ ಅವಳ ಮೈ ಜುಂ ಅನ್ನುತ್ತಿತ್ತು. ಮಾವನ ಹಳೇ ಪಿಂಗಾಣಿ ಮಸಿಕುಡಿಕೆಗೆ ತುಂಬಿ, ಮುಚ್ಚಳ ಮುಚ್ಚಿ, ಪಡಸಾಲೆಯ ಗೂಡಿನಲ್ಲಿಟ್ಟಳು. ಮಧ್ಯಾಹ್ನ ನೋಡಿದಳು, ಚೆನ್ನಾಗಿತ್ತು. ಸಂಜೆ ನೋಡಿದಳು, ಇನ್ನೂ ಚೆನ್ನಾಗಿತ್ತು. ಚೇತನ್‌ಕುಮಾರ್ ಫೋನು ಮಾಡಿದ.

"ಟೆನ್ಷನ್ ತಗಬ್ಯಾಡ್ರಿ ಮೇಡಂ. ಆಗದಿದ್ರೆ ಈಗ್ಲೇ ಹೇಳ್ರಿ. ಫ್ಲೆಕ್ಸ್‌ನೋರು ಕಂಪ್ಯೂಟರ್‌ನಾಗೆ ನಿಮ್ಮ ಕೈಬರಹದ ತರಾನೇ ಮಾಡಿ ಕೊಡ್ತಾರೆ. ನೀರಿಗೂ ಏನಾಗಲ್ಲ."

"ಆಗ್ತದೆ," ಅಂದಳು ದಿವ್ಯಾ, ಹಲ್ಲು ಕಚ್ಚಿ.

ಮರುದಿನ ಬೆಳಿಗ್ಗೆ ಹಾಲು ಕಾಯಿಸಲು ಎದ್ದವಳು ಪಡಸಾಲೆಯ ಬಾಗಿಲಲ್ಲಿ ನಿಂತಳು. ಅತ್ತೆ ಆಗ ತಾನೇ ಲಿಂಗಪೂಜೆ ಮುಗಿಸಿ ಎದ್ದಿದ್ದಳು. ಪೂಜೆಯಾದ ಮೇಲೆ ಅದೇ ಕೈಯಲ್ಲಿ ಮನೆಯಲ್ಲಿ ದುಡಿಯುವ ಎಲ್ಲಕ್ಕೂ ವಿಭೂತಿ ಮುಟ್ಟಿಸುವುದು ಮರುಳಸಿದ್ದಮ್ಮನ ಪದ್ಧತಿ. ಒಲೆಗೆ, ಒರಳಿಗೆ, ಗ್ಯಾಸ್ ಸಿಲಿಂಡರಿಗೆ, ಮಿಕ್ಸಿಗೆ, ಮಗನ ಟೆಂಪೋಗೆ. ಕೊನೆಗೆ ಸ್ಕೂಲಿಗೆ ಹೊರಟ ಸೊಸೆಯ ಹಣೆಗೆ. ಇದೆಲ್ಲ ದಿವ್ಯಾ ದಿನವೂ ನೋಡುತ್ತಿದ್ದದ್ದೇ, ಹೊಸದೇನಲ್ಲ. ಆದರೆ ಈಗ ಅತ್ತೆ ಗೂಡಿನ ಹತ್ತಿರ ಹೋದಳು. ಮಸಿಕುಡಿಕೆಯ ಮುಚ್ಚಳ ತೆಗೆದಳು. ವಿಭೂತಿ ಗಟ್ಟಿಯನ್ನು ಬೆರಳಲ್ಲಿ ಉಜ್ಜಿ ಉಜ್ಜಿ ಒಳಗೇ ಉದುರಿಸಿದಳು. ಒಂದು ಚಿಟಿಕೆ. ಯಾಕೋ ಸಾಲದೆನ್ನಿಸಿತೇನೋ, ಇನ್ನೊಂದು. ಮತ್ತೆ ಯೋಚಿಸಿ ಇನ್ನೊಂದು ದೊಡ್ಡ ಚಿಟಿಕೆ ಹಾಕಿ, ಮುಚ್ಚಳ ಮುಚ್ಚಿ, ಕುಡಿಕೆಗೆ ಕೈ ಮುಗಿದಳು.

"ಅತ್ತೇ!"

ಮುದುಕಿ ಬೆಚ್ಚಿ ತಿರುಗಿದಳು.

ದಿವ್ಯಾ ಓಡಿಬಂದು ಮುಚ್ಚಳ ಕಿತ್ತಳು. ಮಸಿಯ ಮೇಲೆ ಸಣ್ಣ ನೊರೆ ಏಳುತ್ತಿತ್ತು. ನೋಡುತ್ತಿದ್ದಂತೆ ಕಪ್ಪು ಕೆಸರಿನ ಬಣ್ಣಕ್ಕೆ ತಿರುಗಿತು. ಹುಣಸೆಹುಳಿ ಹಾಕಿ ತಿಕ್ಕಿದ ಪಾತ್ರೆಗೆ ಬೂದಿ ಬಿದ್ದರೆ ನೊರೆ ಎದ್ದು ಹುಳಿಯ ಶಕ್ತಿ ಸಾಯುತ್ತದೆ ಅಂತ ಯಾವ ಹೆಂಗಸಿಗೂ ಗೊತ್ತು. ಅನ್ನಭೇದಿಯ ಮಸಿಯಲ್ಲೂ ಅಂಥದ್ದೇ ಹುಳಿ ಇದೆ, ಒಣಗುವ ಮುಂಚೆ ಬೂದಿ ಬಿದ್ದರೆ ಅದರ ಕತೆ ಮುಗಿಯಿತು. ಚಿಕ್ಕತಿಮ್ಮಪ್ಪನೂ ಅಲ್ಲ, ಓಬಣ್ಣನೂ ಅಲ್ಲ, ಬೋರಿನ ನೀರೂ ಅಲ್ಲ. ಮನೆಯೊಳಗೇ, ಕಣ್ಣ ಮುಂದೆಯೇ!

"ಏನು ಮಾಡ್ತಿದೀರಿ ನೀವು? ದಿನಾ ಹಾಕ್ತಿದ್ರಾ ಇದನ್ನ?"

"ಹೂಂ ಕಣವ್ವ. ನಿಮ್ಮ ಮಾವ ಹಾಕ್ತಿದ್ರಲ್ಲ, ಒಂದು ಚಿಟಿಕೆ. ಅದಿಲ್ದೆ ಲೆಕ್ಕಣಿಕೆ ಮುಟ್ತಿರ್ಲಿಲ್ಲ. ನೀನು ಮರೆತಿದ್ದೀಯೇನೋ ಅಂತ... ಒಡೀತು ಒಡೀತು ಅಂತಿದ್ಯಲ್ಲ, ಅದಕ್ಕೇ ಒಂಚೂರು ಜಾಸ್ತಿ..."

ಮಾವ ಹಾಕುತ್ತಿದ್ದದ್ದು ನಿಜ. ಅವರದು ದೀಪದ ಹೊಗೆ ಹಿಡಿದು ಮಾಡಿದ ಕಾಡಿಗೆ ಮಸಿ. ಹೊಗೆ, ಬೂದಿ ಎರಡೂ ಒಂದೇ ಒಲೆಯ ಮಕ್ಕಳು, ಒಂದಕ್ಕೊಂದು ಹೊಂದಿಕೊಂಡಿದ್ದವು. ಇದನ್ನೆಲ್ಲ ಕೂರಿಸಿ ಹೇಳಬಹುದಿತ್ತು. ಮರುಳಸಿದ್ದಮ್ಮ ದಡ್ಡಿಯಲ್ಲ, ಕೇಳುತ್ತಿದ್ದಳು. ಆದರೆ ಒಳಗೆ ಇಷ್ಟು ದಿನ ಕುದ್ದದ್ದು ಒಮ್ಮೆಗೇ ಉಕ್ಕಿಬಿಟ್ಟಿತು.

"ಯಾರು ಕೇಳಿದ್ರು ನಿಮ್ಮನ್ನ? ಮೂರು ಸಲ, ಅತ್ತೆ, ಮೂರು ಸಲ ಹಾಳು ಮಾಡಿದ್ರಿ! ನಾನು ಊರೆಲ್ಲಾ ಜಗಳ ಆಡ್ಕೊಂಡು ಬಂದೆ. ನಿಮ್ಮ ಕೈ ಮುಟ್ಟಿದ್ದೆಲ್ಲಾ ಹಾಳು! ಇನ್ನು ನನ್ನ ಅಕ್ಷರದ ಹತ್ರ ಆ ಕೈ ತರಬ್ಯಾಡ್ರಿ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮುದುಕಿ ತನ್ನ ಕೈ ನೋಡಿಕೊಂಡಳು. ಸೆರಗಿನಲ್ಲಿ ವಿಭೂತಿ ಒರೆಸಿಕೊಂಡು ಅಡುಗೆಮನೆಗೆ ಹೋದಳು. ಆ ದಿನ ಸ್ಕೂಲಿಗೆ ಹೊರಟಾಗ ಬಾಗಿಲಲ್ಲಿ ಅತ್ತೆ ಇರಲಿಲ್ಲ. ದಿವ್ಯಾ ಬೋಳು ಹಣೆಯಲ್ಲೇ ಹೋದಳು. ಸ್ಟಾಫ್ ರೂಮಿನಲ್ಲಿ ಯಮುನಾ ಮೇಡಂ, "ಏನ್ರಿ, ಇವತ್ತು ವಿಭೂತಿ ಇಲ್ಲ?" ಅಂದರೆ, "ತಲೆಸ್ನಾನ ಮಾಡಿದೆ," ಅಂದಳು. ಏನರ್ಥವೋ ಅದಕ್ಕೆ, ಅವಳಿಗೇ ಗೊತ್ತಿಲ್ಲ.

ಉಳಿದ ಅಳಲೆಕಾಯಿಯಲ್ಲೇ ಕೊನೆಯ ಸಲ ಮಸಿ ಮಾಡಿದಳು. ಮಾಗಲು ಬೇಕಾದಷ್ಟು ಹೊತ್ತಿರಲಿಲ್ಲ. ಆದರೂ ಮಸಿ ನಿಂತಿತು. ಚಿನ್ನದಂಥ ಮಸಿ. ಚೂರು ಕಾಗದದ ಮೇಲೆ ಬರೆದು, ಒಣಗಿಸಿ, ನಲ್ಲಿಯ ಕೆಳಗೆ ಹಿಡಿದರೆ ಅಕ್ಷರ ಅಲ್ಲಾಡಲಿಲ್ಲ. ಕುಣಿಯಬೇಕಾಗಿತ್ತು ಅವಳು. ಆದರೆ ಎದೆಯೊಳಗೆ ಏನೋ ಕುಟುಕುತ್ತಿತ್ತು. ಅತ್ತೆ ಪಡಸಾಲೆಗೆ ಬರುವುದನ್ನೇ ಬಿಟ್ಟಿದ್ದಳು. ಒಲೆಗೆ, ಒರಳಿಗೆ, ಟೆಂಪೋಗೆಲ್ಲ ವಿಭೂತಿ ಮುಟ್ಟಿಸುತ್ತಿದ್ದಳು. ದಿವ್ಯಾಳಿಗೆ ಸಂಬಂಧಿಸಿದ ಯಾವುದಕ್ಕೂ ಇಲ್ಲ. ಅವಳ ಸ್ಕೂಟಿಯನ್ನು ಸುತ್ತಿ ಬಳಸಿ ಹೋಗುತ್ತಿದ್ದಳು. ಸಿಟ್ಟೇನೂ ಕಾಣುತ್ತಿರಲಿಲ್ಲ. ಊಟಕ್ಕೆ ಎಂದಿನಂತೆ, "ಕುಂತ್ಕಳವ್ವ, ಬಿಸಿ ಐತೆ," ಅನ್ನುತ್ತಿದ್ದಳು. ಸಿಟ್ಟು ಮಾಡಿದ್ದರೆ ವಾಸಿಯಿತ್ತು.

ತಪ್ಪಾಯಿತು ಅಂತ ಹೇಳಬೇಕೆಂದು ದಿವ್ಯಾ ಅಡುಗೆಮನೆಗೆ ಹೋದಳು. "ಅತ್ತೆ..."

"ಏನವ್ವ?"

"ಸಾರಿಗೆ ಉಪ್ಪು ಹಾಕಿದೀರಾ?"

"ಹಾಕೀನಿ."

ಥತ್! ಬಾಯಿ ಇರುವುದು ಯಾತಕ್ಕೆ? ಕೆಟ್ಟ ಮಾತಾದರೆ ಓಡಿಬರುತ್ತದೆ, ಒಳ್ಳೆಯದಕ್ಕೆ ನಾಲಿಗೆ ಹೊರಳುವುದಿಲ್ಲ.

ಬರೆಯಲು ಕೂತಳು. ಒಕ್ಕಣೆ ಸಮಿತಿಯವರದು, ಚೇತನ್‌ಕುಮಾರ್ ಕಳಿಸಿದ್ದು. ಮೊದಲ ಸಾಲು ಚೆನ್ನಾಗಿ ಬಂತು. ಎರಡನೆಯದೂ. ಲೆಕ್ಕಣಿಕೆ ಹಾಲಿನ ಕೆನೆಯ ಮೇಲೆ ಹೋದಂತೆ ಹೋಗುತ್ತಿತ್ತು. ನಡುವೆ ಒಂದು ವಾಕ್ಯ ಬಂದಾಗ ಅವಳ ಕೈ ನಿಂತಿತು. 'ಹಸಿದು ಬಂದವರ ಜಾತಿ ಕೇಳದೆ, ಊರು ಕೇಳದೆ ಉಣಬಡಿಸಿದ ತಾಯಿ, ತಮ್ಮ ಕೈ ಮುಟ್ಟಿದ್ದೆಲ್ಲವೂ ಪ್ರಸಾದವಾಯಿತು.'

ದಿವ್ಯಾ ಎದ್ದು ನೀರು ಕುಡಿದು ಬಂದಳು. ಮತ್ತೆ ಕೂತಳು, ಮತ್ತೆ ಎದ್ದಳು. ಅಂಗಳದಲ್ಲಿ ಎರಡು ಸುತ್ತು ಹಾಕಿದಳು. ಕೊನೆಗೆ ಬರೆದಳು, ಬರೆಯದೆ ವಿಧಿಯಿರಲಿಲ್ಲ. ಅವಳು ಜೀವನದಲ್ಲಿ ಬರೆದ ಅಕ್ಷರಗಳಲ್ಲಿ ಅಷ್ಟು ಅಂದವಾದವು ಬೇರೆ ಇಲ್ಲ, ಬರೆಯುವಾಗ ಅಷ್ಟು ನಾಚಿಕೆಯಾದದ್ದೂ ಇಲ್ಲ. ಕೊಟ್ಟುಬಂದಾಗ ಚೇತನ್‌ಕುಮಾರ್, "ಗಾಜು ಹಾಕಿಸೋದಾ ಮೇಡಂ?" ಅಂದ. "ಬೇಡ," ಅಂದಳು. ಆ ಹಟ ಮಾತ್ರ ಇನ್ನೂ ಉಳಿದಿತ್ತು.

ಕಾರ್ಯಕ್ರಮದ ದಿನ ಮಠದ ಸಭಾಂಗಣ ತುಂಬಿತ್ತು. ದಾಸೋಹದ ಮನೆಯಲ್ಲಿ ಮುದ್ದೆ ಕಟ್ಟುತ್ತಿದ್ದ ಮರುಳಸಿದ್ದಮ್ಮನನ್ನು ಮುರುಗೇಶ ಏನೋ ನೆಪ ಹೇಳಿ ಎಳೆದುಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂರಿಸಿದ. ಮೈಕಿನಲ್ಲಿ ಅವಳ ಹೆಸರು ಬಂತು. ಮುದುಕಿ ಹಿಂದೆ ತಿರುಗಿ ನೋಡಿದಳು, ಇನ್ನಾರೋ ಮರುಳಸಿದ್ದಮ್ಮ ಇರಬೇಕು ಅಂತ. ಮಗ ರೆಟ್ಟೆ ಹಿಡಿದು ಎಬ್ಬಿಸಿದ. ಮೆಟ್ಟಿಲು ಹತ್ತುವಾಗ ಮುಖದಲ್ಲಿ ನಗುವೋ ಅಳುವೋ ತಿಳಿಯದಂಥದ್ದೊಂದು ಬಂತು. ಅದನ್ನು ನೋಡಬೇಕೆಂದೇ ಇಷ್ಟು ದಿನ ಬಾಯಿ ಕಟ್ಟಿಕೊಂಡಿದ್ದ ದಿವ್ಯಾಳಿಗೆ ಈಗ ಸರಿಯಾಗಿ ನೋಡಲಾಗಲಿಲ್ಲ.

ಚೇತನ್‌ಕುಮಾರ್ ಬಿನ್ನವತ್ತಳೆ ಓದಿದ. ಕೊನೆಗೆ, "ಅಕ್ಷರ ಬರೆದವರು ಅವರ ಸೊಸೆ ದಿವ್ಯಾ ಮೇಡಂ," ಅಂದ. ಜನ ಚಪ್ಪಾಳೆ ತಟ್ಟಿದರು. ಸ್ವಾಮಿಗಳು ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದರು.

ಮರುಳಸಿದ್ದಮ್ಮ ತೆಗೆದುಕೊಳ್ಳಲಿಲ್ಲ. ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು.

"ಬ್ಯಾಡ್ರಿ ಬುದ್ಧಿ," ಅಂದಳು. "ನಾನು ಮುಟ್ಟಬಾರ್ದು. ಬೆಳಿಗ್ಗೆ ವಿಭೂತಿ ಮುಟ್ಟಿದ ಕೈ. ತಾಗಿದ್ರೆ ಅಕ್ಷರ ಕೆಡ್ತಾವೆ. ಕಷ್ಟಪಟ್ಟು ಬರ್ದವ್ಳೆ ಹುಡುಗಿ."

ಮೈಕು ಹತ್ತಿರವೇ ಇತ್ತು. ಮಾತು ಸಭೆಗೆಲ್ಲ ಕೇಳಿಸಿತು. ಮುಗ್ಧೆ ಅಂದುಕೊಂಡು ಜನ ಪ್ರೀತಿಯಿಂದ ನಕ್ಕರು. ಸ್ವಾಮಿಗಳೂ ನಕ್ಕು, "ನಿಮ್ಮ ವಿನಯ ದೊಡ್ಡದು ತಾಯಿ, ತಗೊಳ್ಳಿ," ಅಂದರು. ಅದು ವಿನಯವಲ್ಲ ಅಂತ ಆ ಸಭೆಯಲ್ಲಿ ಒಬ್ಬಳಿಗೇ ಗೊತ್ತಿತ್ತು. ದಿವ್ಯಾಳಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ನೆಲ ಬಾಯಿ ಬಿಡಲಿಲ್ಲ. ಅವಳೇ ಎದ್ದಳು.

ಮೆಟ್ಟಿಲು ಹೇಗೆ ಹತ್ತಿದಳೋ. ಅತ್ತೆಯ ಮುಂದೆ ನಿಂತು, "ಕೈ ಕೊಡ್ರಿ ಅತ್ತೆ," ಅಂದಳು.

"ಬ್ಯಾಡ ಕಣವ್ವ. ಮತ್ತೆ ಒಡೆದ್ರೆ?"

"ಒಡೆದ್ರೆ ಒಡೀಲಿ. ಇನ್ನೊಂದು ಬರೀತೀನಿ. ನೂರು ಬರೀತೀನಿ. ತಪ್ಪು ನಂದು ಅತ್ತೆ. ಅವತ್ತು ನಾನು ಆಡಿದ್ದು ಮನುಷ್ಯರು ಆಡೋ ಮಾತಲ್ಲ. ಕೈ ಕೊಡ್ರಿ."

ಸೆರಗಿನೊಳಗಿಂದ ಆ ಕೈ ಎಳೆದಳು. ಮುದ್ದೆ ತಿರುವಿ ತಿರುವಿ ಚರ್ಮ ದಪ್ಪಗಾದ, ಉಗುರ ಸಂದಿಯಲ್ಲಿ ಇನ್ನೂ ರಾಗಿಹಿಟ್ಟಿದ್ದ ಕೈ. ಸ್ವಾಮಿಗಳ ಪಕ್ಕದ ತಟ್ಟೆಯಲ್ಲಿದ್ದ ವಿಭೂತಿಯಲ್ಲಿ ಅದರ ಮೂರು ಬೆರಳನ್ನು ಅದ್ದಿದಳು. ತಂದು ಬಿನ್ನವತ್ತಳೆಯ ಮೇಲೆ, ಹೆಸರಿನ ಮೇಲೆಯೇ ಒತ್ತಿದಳು. ಕಪ್ಪು ಅಕ್ಷರಗಳ ಮೇಲೆ ಮೂರು ಬಿಳಿ ಗುರುತು ಮೂಡಿತು. ಮುದುಕಿ ಕಾಗದವನ್ನೇ ನೋಡುತ್ತಿದ್ದಳು. ಸಭೆಯಲ್ಲಿ ಯಾರಿಗೂ ಏನೂ ಅರ್ಥವಾಗಲಿಲ್ಲ. ಚೇತನ್‌ಕುಮಾರ್ ಗಾಬರಿಯಲ್ಲಿ ಕೈಲಿದ್ದ ಪನ್ನೀರುದಾನಿಯನ್ನು ಅಲ್ಲಾಡಿಸಿಯೇಬಿಟ್ಟ. ಹನಿಗಳು ಕಾಗದದ ಮೇಲೆ ಬಿದ್ದು, ವಿಭೂತಿಯನ್ನು ನೆನೆಸಿ, ಹಾಗೇ ಕೆಳಗಿಳಿದವು.

ಅಕ್ಷರ ನಿಂತಿತ್ತು.

"ಕೆಡ್ಲಿಲ್ಲವಲ್ಲೇ!" ಅಂದಳು ಮರುಳಸಿದ್ದಮ್ಮ. ಆಮೇಲೆ ಸೊಸೆಯ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದಳು, "ಇದ್ರಾಗೆ ನನ್ನ ಹೆಸ್ರು ಎಲ್ಲಿಂದ ಶುರುವಾಗ್ತದವ್ವ?"

ದಿವ್ಯಾ ಆ ಬೆರಳು ಹಿಡಿದು 'ಮ' ಮೇಲೆ ಇಟ್ಟಳು. ಮುದುಕಿ ಅದರ ಸುತ್ತನ್ನು ಒಂದು ಸಲ ಸವರಿದಳು. ಬೆರಳಲ್ಲಿ ಇನ್ನೂ ಒಂಚೂರು ವಿಭೂತಿ ಉಳಿದಿತ್ತು. ಅಷ್ಟು ದಿನದಿಂದ ಬೋಳಾಗಿದ್ದ ಸೊಸೆಯ ಹಣೆಯ ಮೇಲೆ ಅದನ್ನು ಎಳೆದು, "ಆತು ಬಿಡು, ಅಳಬ್ಯಾಡ," ಅಂದಳು. "ಜನ ನೋಡ್ತಾರೆ."